ತಿಂತಾ ಇದೆ ಅಂದ್ರೆ ಆರಾಮಾಗಿದೆ ಅಂತಲ್ಲ

(1/9)

ಸ್ವೈಪ್ ಮಾಡೋಕೆ ಮುಂಚೆ ಒಂದು ಮಾತು. ಎರಡನೇ ಫೋಟೋ ಚೆನ್ನಾಗಿಲ್ಲ. ಊಟ ಮಾಡ್ತಾ ಇದ್ರೆ ಆಮೇಲೆ ನೋಡಿ.

ಮೊದಲನೇ ಫೋಟೋದಲ್ಲಿರೋದು ನಿಮಗೆಲ್ಲ ಗೊತ್ತಿರೋ ನಮ್ಮ ರಾಜ. ಏಳು ವರ್ಷ. ಅರ್ಧ ಲ್ಯಾಬ್, ಇನ್ನರ್ಧ ತಿಪಟೂರಿನ ಯಾವ ಬೀದಿಯದೋ ಆ ದೇವರಿಗೇ ಗೊತ್ತು. ನಾಲಿಗೆ ಹೊರಗೆ ಹಾಕ್ಕೊಂಡು ನಗ್ತಾ ಇದ್ದಾನೆ. ಎರಡನೇದು ಅದೇ ದಿನ, ನಾಲ್ಕು ಗಂಟೆ ಆದ್ಮೇಲೆ ತೆಗೆದಿದ್ದು, ಬೆಂಗಳೂರಿನ ಒಂದು ಆಸ್ಪತ್ರೆಯ ಟೇಬಲ್ ಮೇಲೆ. ಡಾಕ್ಟ್ರು ಅವನ ಮೇಲ್ದುಟಿ ಎತ್ತಿ ಹಿಡಿದಿದ್ದಾರೆ. ಒಳಗೆ ಕರ್ರಗೆ, ಸೀಳಿದ ಸೌದೆ ಥರ ಕಾಣ್ತಿರೋದು ಹಲ್ಲು. ಪಕ್ಕದಲ್ಲಿ ಊದಿಕೊಂಡಿರೋದು ವಸಡು.

ನಗ್ತಾ ಇದ್ದ ನಾಯಿ ಬಾಯೊಳಗೆ ಇದು ಇತ್ತು. ಬೆಳಿಗ್ಗೆ ಇದೇ ಬಾಯಲ್ಲಿ ನನ್ನ ಕೈ ನೆಕ್ಕಿದ್ದ.

ಈಗ ಯಾಕೆ ಈ ಪೋಸ್ಟ್ ಅಂದ್ರೆ, ಹೋದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ನಾಯಿ ಒಂದು ತೆಂಗಿನಕಾಯಿ ಮಟ್ಟೆ ಸುಲಿದು, ಚಿಪ್ಪು ಕಚ್ಚಿ ಒಡೆಯುತ್ತೆ. ಹಿಂದೆ ಮಾಸ್ ಬಿಜಿಎಂ. ಹತ್ತು ನಿಮಿಷದಲ್ಲಿ ಇಪ್ಪತ್ತು ಫೈರ್ ಎಮೋಜಿ. ನಾನು "ಹಲ್ಲು ಮುರಿಯುತ್ತೆ ಕಣೋ, ಹಿಂಗೆಲ್ಲ ಮಾಡಿಸಬೇಡ" ಅಂತ ಹಾಕಿದೆ. ಬಂದ ಉತ್ತರ: "ಸುಮ್ನಿರಮ್ಮ, ನಾಯಿ ಹಲ್ಲಿಗೆ ಏನೂ ಆಗಲ್ಲ. ದಿನಾ ಎರಡು ಹೊತ್ತು ಬಾರಿಸ್ತಾ ಇದೆ, ಆರಾಮಾಗಿದೆ." ಆ ಮೆಸೇಜಿಗೆ ಒಂಬತ್ತು ಲೈಕು.

ಆ ಒಂಬತ್ತು ಜನಕ್ಕೆ ಈ ಸೀರೀಸ್. ಒಂದೇ ಕ್ಯಾಪ್ಷನ್ನಲ್ಲಿ ಹಿಡಿಸಲ್ಲ, ಇನ್‌ಸ್ಟಾದವರು ಬಿಡೋದೂ ಇಲ್ಲ. ಅದಕ್ಕೇ ಒಂಬತ್ತು ಪೋಸ್ಟು, ತಲೆಗೊಂದು.

(2/9)

ಮೊದಲು ನನ್ನ ಪಾಪ ಹೇಳಿಬಿಡ್ತೀನಿ, ಆಮೇಲೆ ಬೇರೆಯವರನ್ನ ಬೈಯೋ ಹಕ್ಕು ಬರುತ್ತೆ.

2023ರ ಆಗಸ್ಟಲ್ಲಿ ನಾನೂ ಇದೇ ರೀಲ್ ಹಾಕಿದ್ದೆ. ಆಗ ಸೆಕೆಂಡ್ ಪಿಯು. ನಮ್ಮನೆ ಹಿಂದೆ ಕೊಬ್ಬರಿ ಅಟ್ಟ ಇದೆ ಅಂತ ನಿಮಗೆ ಗೊತ್ತು. ಸುಲಿಯೋ ಸೀಸನ್ನಲ್ಲಿ ಕೆಳಗೆಲ್ಲ ಚಿಪ್ಪಿನ ರಾಶಿ. ರಾಜ ಚಿಕ್ಕವನಿಂದ ಅದನ್ನೇ ಕಡ್ಕೊಂಡು ಬೆಳೆದವನು. ನಾನು ಒಂದು ಪೂರ್ತಿ ಕಾಯಿ ಅವನ ಮುಂದೆ ಉರುಳಿಸಿ, "ಒಡೀ ರಾಜಾ, ಒಡೀ" ಅಂತ ಹುರಿದುಂಬಿಸಿ ವಿಡಿಯೋ ಮಾಡಿದೆ. 11 ಸಾವಿರ ವ್ಯೂಸ್ ಬಂತು. ನನ್ನ ಅಕೌಂಟಲ್ಲಿ ಅದಕ್ಕಿಂತ ಹೆಚ್ಚು ಓಡಿದ್ದು ಇವತ್ತಿಗೂ ಯಾವುದೂ ಇಲ್ಲ.

ಆ ವಿಡಿಯೋನ ಹೋದ ತಿಂಗಳು ಸೌಂಡ್ ಜೋರು ಮಾಡಿ ಮತ್ತೆ ನೋಡಿದೆ. 19ನೇ ಸೆಕೆಂಡಲ್ಲಿ "ಟಕ್" ಅನ್ನುತ್ತೆ. ನಾವೆಲ್ಲ ಚಿಪ್ಪು ಒಡೀತು ಅಂತ ಕೂಗಾಡಿದ್ವಿ. ಚಿಪ್ಪು ಒಡೆಯೋದು 24ನೇ ಸೆಕೆಂಡಲ್ಲಿ. ಮಧ್ಯದ ಐದು ಸೆಕೆಂಡು ರಾಜ ಕಾಯಿ ಬಿಟ್ಟು, ತಲೆ ಒಂದು ಸಲ ಒದರಿ, ನನ್ನ ಮುಖ ನೋಡ್ತಾನೆ. ನಾನು ಮತ್ತೆ "ಒಡೀ" ಅಂತೀನಿ. ಅವನು ಮತ್ತೆ ಕಚ್ತಾನೆ.

ಹಲ್ಲು ಮುರಿದಿದ್ದು ಅವತ್ತೇನಾ ಅಂತ ಕೋರ್ಟಲ್ಲಿ ಕೇಳಿದ್ರೆ ನನ್ನ ಹತ್ರ ಸಾಕ್ಷಿ ಇಲ್ಲ. ಆದ್ರೆ ಅವತ್ತಿಂದ ಈಚೆಗೆ ಅವನು ಬದಲಾಗಿದ್ದಕ್ಕೆ ಮನೆಯಲ್ಲಿ ನಾಲ್ಕು ಜನ ಸಾಕ್ಷಿ. ಚೆಂಡು ಹಿಡಿದು ತಕ್ಷಣ ಬಿಟ್ಟುಬಿಡ್ತಿದ್ದ. ಊಟ ಮಾಡುವಾಗ ತಲೆ ಒಂದು ಕಡೆ ವಾಲಿಸ್ತಿದ್ದ. ಚಪಾತಿ ಬಿಸಾಕಿದ್ರೆ ಗಾಳಿಯಲ್ಲೇ ಹಿಡೀತಿದ್ದವನು, ಕೆಳಗೆ ಬಿದ್ದ ಮೇಲೆ ಎತ್ಕೊಳ್ಳೋಕೆ ಶುರು ಮಾಡಿದ. ಅಮ್ಮ "ದೊಡ್ಡವನಾದ ಕಣೆ, ಗಾಂಭೀರ್ಯ ಬಂದಿದೆ" ಅಂದ್ರು. ನಾವೆಲ್ಲ ನಕ್ಕಿದ್ವಿ. ಐದು ವರ್ಷದ ನಾಯಿಗೆ ಎಂಥಾ ಗಾಂಭೀರ್ಯ!

(3/9)

2025ರ ಜೂನಲ್ಲಿ ಬಲಗಣ್ಣಿನ ಕೆಳಗೆ ಒಂದು ಗುಳ್ಳೆ ಬಂತು, ನೆಲ್ಲಿಕಾಯಿ ಗಾತ್ರ. ಜೇನು ಕಚ್ಚಿರಬೇಕು ಅಂದ್ಕೊಂಡ್ವಿ. ಎರಡು ದಿನಕ್ಕೆ ಒಡೆದು ಕೀವು ಬಂತು. ಒಬ್ಬ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಕಣ್ಣಿಗೆ ಟಾರ್ಚ್ ಬಿಟ್ಟರು, ಡ್ರಾಪ್ಸು ಮತ್ತೆ ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟರು. ಊತ ಇಳೀತು. ಖುಷಿ ಆಯ್ತು. ಮೂರು ವಾರಕ್ಕೆ ಮತ್ತೆ ಅದೇ ಜಾಗದಲ್ಲಿ ಬಂತು. ಮತ್ತೆ ಅದೇ ಮಾತ್ರೆ. ಹೀಗೆ ನಾಲ್ಕು ಸಲ. ಆ ನಾಲ್ಕು ಸಲದಲ್ಲಿ ಯಾರೂ, ಯಾರೂ ಅಂದ್ರೆ ನಾನೂ ಸೇರಿ, ಅವನ ತುಟಿ ಎತ್ತಿ ನೋಡ್ಲಿಲ್ಲ.

ಈಗ ಸ್ವಲ್ಪ ಪಾಠ. ಬೋರ್ ಆಗಲ್ಲ, ಓದಿ.

ದೊಡ್ಡ ನಾಯಿಗೆ 42 ಹಲ್ಲು. ಮೇಲಿನ ದವಡೆಯಲ್ಲಿ, ಕೋರೆಹಲ್ಲಿನಿಂದ ಹಿಂದಕ್ಕೆ ನಾಲ್ಕನೇದು, ಎರಡೂ ಕಡೆ ಒಂದೊಂದು ದೊಡ್ಡ ಹಲ್ಲು ಇದೆ. ಮಾಂಸ ಕತ್ತರಿಸೋಕೆ ಇರೋ ಕತ್ತರಿ ಅದು. ಅದಕ್ಕೆ ಮೂರು ಬೇರು. ಆ ಬೇರುಗಳು ಮೇಲಕ್ಕೆ ಹೋಗಿ ನಿಲ್ಲೋದು ಸರಿಯಾಗಿ ಕಣ್ಣಿನ ಕೆಳಗಿನ ಮೂಳೆಯಲ್ಲಿ. ನಾಯಿ ಚಿಪ್ಪನ್ನೋ, ಬೆಂದು ಗಟ್ಟಿಯಾದ ಮೂಳೆಯನ್ನೋ, ಕಲ್ಲನ್ನೋ ಜೋರಾಗಿ ಕಚ್ಚಿದಾಗ ಈ ಹಲ್ಲಿನ ಹೊರಭಾಗ ಚಪ್ಪಡಿ ಥರ ಸೀಳಿ ಬಿಡುತ್ತೆ. ಒಳಗಿರೋ ನರ, ರಕ್ತನಾಳ ಎಲ್ಲ ಬಯಲಿಗೆ. ನಿಮ್ಮ ಹಲ್ಲಿನ ನರಕ್ಕೆ ಐಸ್ ನೀರು ತಾಗಿದಾಗ ಏನಾಗುತ್ತೆ? ಅದು ದಿನವಿಡೀ. ಆಮೇಲೆ ನರ ಸಾಯುತ್ತೆ, ನೋವು ಸ್ವಲ್ಪ ಕಮ್ಮಿ ಆಗಬಹುದು, ಆದ್ರೆ ಬಾಗಿಲು ತೆರೆದೇ ಇರುತ್ತಲ್ಲ, ಬ್ಯಾಕ್ಟೀರಿಯಾ ಒಳಗೆ ಇಳಿದು ಬೇರಿನ ತುದಿಯಲ್ಲಿ ಕೀವು ಮಾಡುತ್ತೆ. ಕೀವಿಗೆ ಹೊರಗೆ ಬರೋಕೆ ಜಾಗ ಬೇಕು. ಕಣ್ಣಿನ ಕೆಳಗೆ ದಾರಿ ಮಾಡ್ಕೊಳ್ಳುತ್ತೆ.

ಅಂದ್ರೆ ಕಣ್ಣಿನ ಕಾಯಿಲೆ ಅಂತ ನಾವು ಡ್ರಾಪ್ಸ್ ಹಾಕ್ತಾ ಇದ್ದಿದ್ದು ಹಲ್ಲಿನ ಬೇರಿಗೆ. ಮಾತ್ರೆ ತಗೊಂಡಷ್ಟು ದಿನ ಕೀವು ಅಡಗುತ್ತೆ, ನಿಲ್ಲಿಸಿದ ಮೇಲೆ ವಾಪಸ್ ಬರುತ್ತೆ. ಮನೆ ಸೂರು ಸೋರುವಾಗ ಕೆಳಗೆ ಬಕೆಟ್ ಇಟ್ಟಂಗೆ.

(4/9)

"ಮತ್ತೆ ತಿಂತಾ ಇತ್ತಲ್ಲ?"

ಹೌದು, ತಿಂತಾ ಇದ್ದ. ಎರಡು ವರ್ಷ, ದಿನಕ್ಕೆರಡು ಹೊತ್ತು, ತಟ್ಟೆ ನೆಕ್ಕಿ ಫಳಫಳ ಮಾಡಿ ಇಡ್ತಿದ್ದ. ಇದೇ ವಾದ ಹಿಡ್ಕೊಂಡೇ ನಾವು ಮೋಸ ಹೋಗಿದ್ದು.

ನಾಯಿಗೆ ಹಲ್ಲು ನೋವು ಅಂತ ಊಟ ಬಿಡೋದು ತೀರಾ ಕೊನೆಗೆ, ಎಷ್ಟೋ ಸಲ ಆಗಲೂ ಇಲ್ಲ. ಹಸಿವು ನೋವಿಗಿಂತ ದೊಡ್ಡದು. ಚೆನ್ನಾಗಿರೋ ಕಡೆಯಿಂದ ಅಗಿಯುತ್ತೆ, ಇಲ್ಲ ಅಂದ್ರೆ ಅಗಿಯದೇ ನುಂಗುತ್ತೆ. ನಾವು ಹಾಕೋ ಮೊಸರನ್ನ, ನೆನೆಸಿದ ಬಿಸ್ಕತ್ತಿಗೆ ಅಗಿಯೋ ಅಗತ್ಯವೂ ಇಲ್ಲ. ಕುಂಟಿದ್ರೆ ಕಾಣುತ್ತೆ, ವಾಂತಿ ಮಾಡಿದ್ರೆ ಕಾಣುತ್ತೆ. ಬಾಯಿ ನೋವನ್ನ ಮುಚ್ಚಿಡೋದು ಅದಕ್ಕೆ ರಕ್ತದಲ್ಲೇ ಬಂದಿರೋ ಗುಣ. ಅದು ಅಳಲ್ಲ, ಕೆನ್ನೆ ಹಿಡ್ಕೊಂಡು ಕೂರಲ್ಲ.

ಬಿಕಾಂ ಮಕ್ಕಳಿಗೆ ಒಂದು ಉದಾಹರಣೆ. ಆಡಿಟಿಂಗಲ್ಲಿ ಕಿಂಗ್‌ಸ್ಟನ್ ಕಾಟನ್ ಮಿಲ್ ಕೇಸು, 1896, ಎಲ್ಲರೂ ಐದು ಮಾರ್ಕ್ಸಿಗೆ ಬರೆದಿದ್ದೀವಿ. ಆಡಿಟರ್ ಕಾವಲು ನಾಯಿ, ಬೇಟೆ ನಾಯಿ ಅಲ್ಲ ಅಂತ ಜಡ್ಜ್ ಹೇಳಿದ್ದು. ನಾಯಿ ಇರೋದ್ರಿಂದ ನನಗೆ ಅದೊಂದೇ ಕೇಸು ನೆನಪಿರೋದು. ಆದ್ರೆ ಕೇಸಿನ ಒಳಗಿನ ವಿಷಯ ನೆನಪಿದೆಯಾ? ಮ್ಯಾನೇಜರ್ ವರ್ಷಗಟ್ಟಲೆ ಸ್ಟಾಕನ್ನ ಜಾಸ್ತಿ ಜಾಸ್ತಿ ತೋರಿಸ್ತಾ ಹೋದ. ಆಡಿಟರುಗಳು ಅವನು ಕೊಟ್ಟ ಸರ್ಟಿಫಿಕೇಟ್ ನಂಬಿ ಸೈನ್ ಹಾಕಿದ್ರು. ಗೋಡೌನಿಗೆ ಹೋಗಿ ಮೂಟೆ ಎಣಿಸ್ಲಿಲ್ಲ. ಪುಸ್ತಕದಲ್ಲಿ ಕಂಪನಿ ಚೆನ್ನಾಗಿತ್ತು, ಒಳಗೆ ಟೊಳ್ಳು.

ಬಾಲ ಅಲ್ಲಾಡಿಸೋದು, ತಟ್ಟೆ ಖಾಲಿ ಮಾಡೋದು, ಇವೆಲ್ಲ ಮ್ಯಾನೇಜರ್ ಸರ್ಟಿಫಿಕೇಟ್. ಗೋಡೌನ್ ಇರೋದು ತುಟಿ ಒಳಗೆ. ಕೋರ್ಟು ಆ ಆಡಿಟರುಗಳನ್ನ ಬಿಟ್ಟುಬಿಡ್ತು. ನನ್ನನ್ನ ನಾನು ಅಷ್ಟು ಸುಲಭವಾಗಿ ಬಿಡೋಕಾಗ್ತಿಲ್ಲ.

(5/9)

ಮುರಿದ ಹಲ್ಲು ಎಲ್ಲಾ ನಾಯಿಗೂ ಇರಲ್ಲ, ಒಪ್ಪಿದೆ. ಆದ್ರೆ ವಸಡಿನ ಕಾಯಿಲೆ? ಮೂರು ವರ್ಷ ದಾಟಿದ ಹೆಚ್ಚಿನ ನಾಯಿಗಳಲ್ಲಿ ಅದು ಯಾವುದೋ ಒಂದು ಹಂತದಲ್ಲಿ ಇದ್ದೇ ಇರುತ್ತೆ ಅಂತ ಪಶುವೈದ್ಯರು ಹೇಳ್ತಾರೆ. ನಿಮ್ಮನೆ ನಾಯಿಗೂ ಇರಬಹುದು. ಅದರ ಅಡ್ರೆಸ್ ವಾಸನೆ.

"ನಾಯಿ ಬಾಯಿ ಅಂದ್ಮೇಲೆ ವಾಸನೆ ಬರುತ್ತಪ್ಪ." ಈ ಮಾತು ಕೇಳಿದ್ರೆ ಈಗ ನನಗೆ ಮೈಯೆಲ್ಲಾ ಉರಿಯುತ್ತೆ. ಬರಲ್ಲ ಗುರು. ಆರೋಗ್ಯವಾಗಿರೋ ನಾಯಿ ಬಾಯಿ ಮಲ್ಲಿಗೆ ಥರ ಇರಲ್ಲ, ಆದ್ರೆ ಮೂಗು ಮುಚ್ಚೋ ಹಾಗೂ ಇರಲ್ಲ. ಕೊಳೆತ ವಾಸನೆ ಬರ್ತಿದೆ ಅಂದ್ರೆ ಒಳಗೆ ಏನೋ ಕೊಳೀತಿದೆ ಅಂತ. ಅಡುಗೆಮನೆಯಲ್ಲಿ ವಾಸನೆ ಬಂದ್ರೆ "ಅಡುಗೆಮನೆ ಅಂದ್ಮೇಲೆ ವಾಸನೆ ಬರುತ್ತೆ" ಅಂತ ಕೂರ್ತೀರಾ? ಹಲ್ಲಿ ಎಲ್ಲಿ ಸತ್ತಿದೆ ಅಂತ ಡಬ್ಬ ಎಲ್ಲ ಸರಿಸಿ ಹುಡುಕ್ತೀರಿ.

ಆಗೋದು ಹೀಗೆ. ಹಲ್ಲಿನ ಮೇಲೆ ಅಂಟು ಅಂಟಾಗಿ ಒಂದು ಪದರ ಕೂರುತ್ತೆ, ಪ್ಲೇಕ್ ಅಂತಾರೆ. ತೆಗೀದೇ ಬಿಟ್ರೆ ಎಂಜಲಲ್ಲಿರೋ ಸುಣ್ಣದಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಕಂದು ಕರೆ ಆಗುತ್ತೆ. ನಮ್ಮ ಕಣ್ಣಿಗೆ ಬೀಳೋದು ಈ ಕರೆ. ಆದ್ರೆ ಅನಾಹುತ ಮಾಡೋದು ವಸಡಿನ ಸಂದಿಗೆ ಇಳಿದು ಕೂತಿರೋ ಬ್ಯಾಕ್ಟೀರಿಯಾ. ಮೊದಲು ವಸಡು ಕೆಂಪಾಗುತ್ತೆ. ಆಗ ಕ್ಲೀನ್ ಮಾಡಿಸಿದ್ರೆ ಪೂರ್ತಿ ವಾಸಿ. ಬಿಟ್ರೆ ಹಲ್ಲು ಹಿಡಿದಿರೋ ಮೂಳೆ ಕರಗೋಕೆ ಶುರು. ಕರಗಿದ ಮೂಳೆ ತಾನಾಗೇ ವಾಪಸ್ ಬೆಳೆಯಲ್ಲ. ಹಲ್ಲಿನ ಬಹುಪಾಲು ಇರೋದೇ ವಸಡಿನ ಕೆಳಗೆ, ಅದಕ್ಕೇ ಎಕ್ಸ್‌ರೇ ಇಲ್ಲದೆ ಡಾಕ್ಟ್ರಿಗೂ ಪೂರ್ತಿ ಲೆಕ್ಕ ಸಿಗಲ್ಲ.

ನಮ್ಮತ್ತೆ ಮನೆ ಸ್ನೋಯಿ ನೆನಪಿದೆಯಾ? ಬಿಳಿ ಪಮೇರಿಯನ್, ಸ್ಟೋರಿಯಲ್ಲಿ ಹಾಕ್ತಿದ್ದೆ. ಎರಡು ವರ್ಷ ಸೀನ್ತಾ ಇತ್ತು. ಅತ್ತೆ "ಧೂಳಿಗೆ ನೆಗಡಿ" ಅಂತಿದ್ರು. ಅದು ನೆಗಡಿ ಆಗಿರಲಿಲ್ಲ. ಮೇಲಿನ ಕೋರೆಹಲ್ಲಿನ ಬೇರಿಗೂ ಮೂಗಿಗೂ ಮಧ್ಯೆ ಇರೋದು ತೆಳ್ಳನೆಯ ಮೂಳೆ, ಚಿಕ್ಕ ನಾಯಿಗಳಲ್ಲಂತೂ ಹಾಳೆಯಷ್ಟೇ. ಅದು ಕರಗಿ ತೂತಾಗಿ, ಬಾಯಲ್ಲಿ ಹಾಕಿದ ಊಟ ನೀರು ಮೂಗಿಗೆ ಹೋಗ್ತಿತ್ತು. ಅದು ಗೊತ್ತಾಗಿದ್ದೂ ತಡವಾಗಿ. ಹೋದ ವರ್ಷ ಸ್ನೋಯಿ ದಿವಾನದ ಮೇಲಿಂದ ಕೆಳಗೆ ಹಾರಿತು, ಒಂದೂವರೆ ಅಡಿ, ದಿನಾ ಹಾರೋ ಜಾಗ. ಕೆಳದವಡೆ ಮುರೀತು. ಚಿಕ್ಕ ನಾಯಿಗಳ ಕೆಳದವಡೆಯಲ್ಲಿ ಹಲ್ಲಿನ ಬೇರೇ ಮುಕ್ಕಾಲು ಜಾಗ ತಿಂದಿರುತ್ತೆ. ಸುತ್ತ ಇರೋ ಸ್ವಲ್ಪ ಮೂಳೆಯನ್ನ ಕಾಯಿಲೆ ತಿಂದ್ರೆ ಉಳಿಯೋದು ಮೊಟ್ಟೆ ಚಿಪ್ಪು. ಕೂಡಿಕೊಳ್ಳೋಕೆ ಮೂಳೆಯೇ ಉಳಿದಿರಲಿಲ್ಲ. ಸಿರಿಂಜಲ್ಲಿ ಗಂಜಿ ಕುಡಿಸಿಕೊಂಡು ಎರಡು ತಿಂಗಳು ಇತ್ತು.

ಹನ್ನೊಂದು ವರ್ಷ ಅತ್ತೆ ಅದರ ಕೂದಲು ಬಾಚಿದ್ರು, ರಿಬ್ಬನ್ ಕಟ್ಟಿದ್ರು, ಬರ್ತ್‌ಡೇಗೆ ಕೇಕ್ ಕತ್ತರಿಸಿದ್ರು. ಪ್ರೀತಿ ಕಮ್ಮಿ ಇರ್ಲಿಲ್ಲ. ತುಟಿ ಎತ್ತಿದ್ದು ಮಾತ್ರ ಒಂದು ದಿನವೂ ಇಲ್ಲ.

(6/9)

ಬಾಯಿ ಒಂದು ಬೇರೆ, ಮೈ ಒಂದು ಬೇರೆ ಅಂದ್ಕೊಂಡಿರೋರಿಗೆ ಈ ಪೋಸ್ಟ್.

ವಸಡು ಹುಣ್ಣಾಗಿದ್ರೆ ನಾಯಿ ಅಗಿಯುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತೆ. ಆರೋಗ್ಯವಾಗಿರೋ ದೇಹ ಸಾಮಾನ್ಯವಾಗಿ ಅದನ್ನ ಹಿಡಿದು ಕೊಲ್ಲುತ್ತೆ. ಆದ್ರೆ ಇದು ವರ್ಷಗಟ್ಟಲೆ ನಡೀತಾ ಇದ್ರೆ? ವಸಡಿನ ಕಾಯಿಲೆ ಜೋರಾಗಿರೋ ನಾಯಿಗಳ ಮೂತ್ರಪಿಂಡ, ಲಿವರ್, ಹೃದಯದಲ್ಲಿ ಬದಲಾವಣೆಗಳು ಹೆಚ್ಚಾಗಿ ಕಂಡಿವೆ. ಹಲ್ಲೇ ಕಾರಣ ಅಂತ ಅಷ್ಟರಿಂದಲೇ ಸಾಬೀತಾಗಲ್ಲ. ಎರಡೂ ಒಟ್ಟಿಗೆ ಕಾಣುತ್ತೆ ಅನ್ನೋದು ಬೇರೆ, ಒಂದು ಇನ್ನೊಂದನ್ನ ಮಾಡ್ತು ಅನ್ನೋದು ಬೇರೆ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಕೋರಿಲೇಷನ್ ಚಾಪ್ಟರಲ್ಲಿ ತಲೆಗೆ ಹೊಡೆದಂಗೆ ಹೇಳಿಕೊಟ್ಟಿದ್ದಾರಲ್ಲ. "ಹಲ್ಲು ಉಜ್ಜದಿದ್ರೆ ನಾಳೆ ಹಾರ್ಟ್ ಅಟ್ಯಾಕ್" ಅಂತ ಹೆದರಿಸೋ ರೀಲುಗಳೂ ಇವೆ, ಅವೂ ಸುಳ್ಳೇ. ನನಗೆ ಹೆದರಿಸೋ ಅಗತ್ಯ ಇಲ್ಲ. ಬಾಯೊಳಗೆ ಆಗಿದ್ದೇ ಸಾಕು.

ಸಕ್ಕರೆ ಕಾಯಿಲೆ ಇರೋ ನಾಯಿ ಆದ್ರೆ ಬಾಯಿ ಸೋಂಕು ಇರೋ ತನಕ ಶುಗರ್ ಹತೋಟಿಗೆ ಬರೋದು ಕಷ್ಟ. ಇನ್ನೊಂದು, ವಾಸನೆಗೆ ಕಾರಣ ಕೆಲವು ಸಲ ಬಾಯೊಳಗಿನ ಗಡ್ಡೆಯೂ ಆಗಿರಬಹುದು. ವಸಡಿನ ಮೇಲೆ, ನಾಲಿಗೆ ಕೆಳಗೆ, ಕರ್ರಗೋ ಕೆಂಪಗೋ ಗಂಟು. ನಾಯಿಗಳ ಬಾಯಿ ಕ್ಯಾನ್ಸರ್ ಬೇಗ ಹರಡೋ ಜಾತಿಯದೂ ಇದೆ. ಚಿಕ್ಕದಿದ್ದಾಗ ಕಂಡ್ರೆ ತೆಗೆಯೋಕೆ ದಾರಿ ಇರುತ್ತೆ. ಮುಖ ಸೊಟ್ಟ ಆದ್ಮೇಲೆ ಕಂಡ್ರೆ ಡಾಕ್ಟ್ರು ಕೈಚೆಲ್ತಾರೆ.

ಒಂದು ಕೈ ಮುಗಿದು ಕೇಳೋ ಮಾತು: ನೋವು ಅಂತ ಗೊತ್ತಾದ ತಕ್ಷಣ ಮನೆಯಲ್ಲಿರೋ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಪ್ಯಾರಾಸಿಟಮಾಲ್ ಕೂಡ ವಿಷ ಆಗಬಹುದು. ನಿಮ್ಮ ತೂಕಕ್ಕೆ ಅರ್ಧ ಅಂತ ಲೆಕ್ಕ ಹಾಕಿ ಮಾತ್ರೆ ಮುರಿಯೋ ಕೆಲಸ ಬೇಡ.

(7/9)

ಈಗ ನಿಮ್ಮ ಕಾಮೆಂಟುಗಳಿಗೆ ಬರೋಣ. ಮೂರು ದಿನದಿಂದ ಡಿಎಂ ತುಂಬಿದೆ.

"ಬೀದಿ ನಾಯಿಗೆ ಯಾರು ಬ್ರಷ್ ಮಾಡ್ತಾರೆ? ಅವು ಬದುಕಿಲ್ವಾ?" ಬದುಕಿವೆ. ಎಷ್ಟು ವರ್ಷ? ನಮ್ಮ ಬಸ್ ಸ್ಟ್ಯಾಂಡಲ್ಲಿ ಹತ್ತು ವರ್ಷದ ನಾಯಿ ಎಷ್ಟಿವೆ ಎಣಿಸಿ ಹೇಳಿ. ಹಲ್ಲು ಹಾಳಾಗೋ ವಯಸ್ಸಿಗೆ ಬರೋದ್ರೊಳಗೆ ಎಷ್ಟೋ ನಾಯಿ ಲಾರಿಗೋ ರೋಗಕ್ಕೋ ಹೋಗಿರುತ್ತೆ. ಉಳಿದಿರೋ ನಾಯಿಯ ಬಾಯನ್ನ ನೀವು ನೋಡಿದ್ದೀರಾ? ಕಾಡುಪ್ರಾಣಿ ಅಂತೀರಾ, ಕಾಡಿನ ಮಾಂಸಾಹಾರಿಗಳ ತಲೆಬುರುಡೆ ಪರೀಕ್ಷಿಸಿದ ವಿಜ್ಞಾನಿಗಳಿಗೆ ಮುರಿದ ಹಲ್ಲು ಸಾಕಷ್ಟು ಸಿಕ್ಕಿವೆ. ಪ್ರಕೃತಿಯಲ್ಲಿ ನೋವಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ಅಲ್ಲಿ ವಿಡಿಯೋ ಮಾಡೋರು ಇರಲ್ಲ, ಅಷ್ಟೇ.

"ಮೂಳೆ ಕಡಿದ್ರೆ ಹಲ್ಲು ಕ್ಲೀನ್ ಆಗುತ್ತೆ." ಸ್ವಲ್ಪ ಕರೆ ಉದುರಬಹುದು, ಜೊತೆಗೆ ಹಲ್ಲೂ ಉದುರಬಹುದು. ಪಶುವೈದ್ಯರು ಹೇಳೋ ಒಂದು ಸುಲಭ ಪರೀಕ್ಷೆ ಇದೆ: ಕಡಿಯೋಕೆ ಕೊಡೋ ವಸ್ತುವನ್ನ ಹೆಬ್ಬೆರಳ ಉಗುರಲ್ಲಿ ಒತ್ತಿ. ಗುರುತು ಬೀಳಲಿಲ್ಲ ಅಂದ್ರೆ ಅದು ನಾಯಿ ಹಲ್ಲಿಗೆ ತುಂಬಾ ಗಟ್ಟಿ. ತೆಂಗಿನ ಚಿಪ್ಪಿನ ಮೇಲೆ ಒತ್ತಿ ನೋಡಿ. ಪೆಟ್ ಶಾಪಲ್ಲಿ ಮಾರೋ ಕೆಲವು ಗಟ್ಟಿ ಮೂಳೆ, ಕೊಂಬುಗಳ ಮೇಲೂ ಒತ್ತಿ ನೋಡಿ, ದುಡ್ಡು ಕೊಟ್ಟು ತಂದಿದ್ದೀವಿ ಅಂತ ಹಲ್ಲು ಬಿಡುತ್ತಾ?

"ಗ್ರೂಮಿಂಗ್ ಸೆಂಟರಲ್ಲಿ ಎಚ್ಚರ ಇದ್ದಾಗಲೇ ಹಲ್ಲು ಕೆರೆದು ಬೆಳ್ಳಗೆ ಮಾಡ್ತಾರೆ, ಸಾವಿರ ರೂಪಾಯಿಗೆ." ಇದಕ್ಕೆ ನನಗೆ ಸಿಟ್ಟು ಜಾಸ್ತಿ. ಎಚ್ಚರ ಇರೋ ನಾಯಿಯನ್ನ ಅದುಮಿ ಹಿಡಿದು, ಕಾಣೋ ಭಾಗದ ಕರೆ ಕೆರೀತಾರೆ. ಕಾಯಿಲೆ ಇರೋದು ವಸಡಿನ ಕೆಳಗೆ, ಅಲ್ಲಿಗೆ ಎಚ್ಚರದಲ್ಲಿರೋ ಯಾವ ನಾಯಿಯೂ ಉಪಕರಣ ಹಾಕೋಕೆ ಬಿಡಲ್ಲ. ಅಮೆರಿಕದ ಪಶು ದಂತವೈದ್ಯರ ಕಾಲೇಜು ಇದನ್ನ ಖಡಾಖಂಡಿತವಾಗಿ ಬೇಡ ಅಂದಿದೆ. ಗೋಡೆ ಒಳಗೆ ಗೆದ್ದಲು ಇಟ್ಕೊಂಡು ಹೊರಗೆ ಸುಣ್ಣ ಬಳಿಯೋದು ಇದು. ನಮಗೆ ಬೇಕಾಗಿರೋದು ಫೋಟೋದಲ್ಲಿ ಬೆಳ್ಳಗೆ ಕಾಣೋ ಹಲ್ಲು ತಾನೇ, ಅದು ಸಿಗುತ್ತೆ. ನಾವು ನೆಮ್ಮದಿಯಾಗಿ ಇನ್ನೂ ಎರಡು ವರ್ಷ ಬಾಯಿ ನೋಡಲ್ಲ.

"ಅನಸ್ತೇಶಿಯಾ ಕೊಟ್ರೆ ಸತ್ತೋಗುತ್ತೆ." ಅಪಾಯ ಸೊನ್ನೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮುಂಚೆ ರಕ್ತ ಪರೀಕ್ಷೆ ಮಾಡ್ತಾರೆ, ಉಸಿರಿಗೆ ಟ್ಯೂಬ್ ಹಾಕ್ತಾರೆ, ಪಕ್ಕದಲ್ಲಿ ಒಬ್ಬರು ನೋಡ್ತಾನೇ ಇರ್ತಾರೆ. ಇವು ಇಲ್ಲದ ಕಡೆ ಮಾಡಿಸಬೇಡಿ. ಆದ್ರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೀರಿ. ಈಗ ಆರೋಗ್ಯವಾಗಿರೋ ನಾಲ್ಕು ವರ್ಷದ ನಾಯಿಗೆ ಇರೋ ಅಪಾಯ, ಮುಂದೂಡಿ ಮುಂದೂಡಿ ಹನ್ನೆರಡಕ್ಕೆ ಕಿಡ್ನಿ ಸೋತ ಮೇಲೆ ಎಷ್ಟಾಗುತ್ತೆ?

(8/9)

ಒಂದು ವಾದಕ್ಕೆ ಮಾತ್ರ ನನ್ನ ಹತ್ರ ಜೋರು ಉತ್ತರ ಇಲ್ಲ. ಒಬ್ಬ ಜೂನಿಯರ್ ಬರೆದಿದ್ದ: "ಅಕ್ಕಾ, ನಮ್ಮಜ್ಜಿಗೆ ಹಲ್ಲು ಸೆಟ್ ಹಾಕಿಸೋಕೆ ದುಡ್ಡಿಲ್ಲ. ನಾಯಿಗೆ ಎಲ್ಲಿಂದ ತರ್ಲಿ?"

ಇದನ್ನ ಓದಿ ಸುಮಾರು ಹೊತ್ತು ಫೋನ್ ಕೆಳಗಿಟ್ಟೆ. ಅವನು ತಪ್ಪು ಹೇಳ್ತಿಲ್ಲ. ರಾಜನಿಗೆ ಎಕ್ಸ್‌ರೇ, ರಕ್ತ ಪರೀಕ್ಷೆ, ಹಲ್ಲು ಕೀಳೋದು, ಮಾತ್ರೆ, ಮಾವನ ಓಮ್ನಿಗೆ ಡೀಸೆಲ್ಲೋ ಪೆಟ್ರೋಲೋ, ಎಲ್ಲ ಸೇರಿ 21 ಸಾವಿರ ಆಯ್ತು. ಅದು ನನ್ನ ಸ್ಕೂಟಿಗೆ ಅಂತ ಚೀಟಿ ಹಾಕಿ ಕೂಡಿಟ್ಟಿದ್ದು. ಅಪ್ಪ ಮೊದಲು ಬೈದ್ರು, ಆಮೇಲೆ ಮಾತಾಡದೆ ಐದು ಸಾವಿರ ಕೊಟ್ರು. ಹಲ್ಲಿನ ಎಕ್ಸ್‌ರೇ ತೆಗೆಯೋ ಕಡೆ ಹುಡುಕ್ಕೊಂಡು ನಾವು ಬೆಂಗಳೂರಿಗೇ ಹೋಗಬೇಕಾಯ್ತು, ಅದಕ್ಕೂ ದುಡ್ಡು.

ಆ ತಮ್ಮನಿಗೆ ನಾನು ಬರೆದಿದ್ದು ಇಷ್ಟೇ. ಅಜ್ಜಿ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 21 ಸಾವಿರ ಆಗಿದ್ದು ನಾನು ಎರಡು ವರ್ಷ ನೋಡದೇ ಇದ್ದಿದ್ದಕ್ಕೆ. ತುಟಿ ಎತ್ತಿ ನೋಡೋಕೆ ದುಡ್ಡು ಬೇಡ. ಚಿಪ್ಪು ಕೊಡದೇ ಇರೋಕೆ ದುಡ್ಡು ಬೇಡ. ದಿನಾ ಒಂದು ನಿಮಿಷ ಉಜ್ಜೋಕೆ ಮಕ್ಕಳ ಮೆತ್ತನೆ ಬ್ರಷ್ಷು, ಬರೀ ನೀರು ಸಾಕು. ಅದೂ ಬೇಡ ಅಂದ್ರೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹೊರಗಡೆ ಭಾಗ ಒರೆಸಿ, ಏನೂ ಮಾಡದೇ ಇರೋದಕ್ಕಿಂತ ವಾಸಿ. ನಮ್ಮ ಪೇಸ್ಟ್ ಮಾತ್ರ ಹಾಕಬೇಡಿ. ನಾಯಿ ಉಗುಳಲ್ಲ, ನುಂಗುತ್ತೆ. ಅದರಲ್ಲಿರೋ ಫ್ಲೋರೈಡ್ ಅದಕ್ಕೆ ಒಳ್ಳೆಯದಲ್ಲ, ಕ್ಸೈಲಿಟಾಲ್ ಅನ್ನೋ ಸಿಹಿ ಇದ್ರೆ ಪ್ರಾಣಕ್ಕೇ ಅಪಾಯ. ವಸಡು ಆಗಲೇ ಕೆಂಪಾಗಿ ರಕ್ತ ಬರ್ತಿದ್ರೆ ಉಜ್ಜೋಕೆ ಹೋಗಬೇಡಿ, ನೋವಿಗೆ ಕಚ್ಚುತ್ತೆ, ಮೊದಲು ಡಾಕ್ಟ್ರಿಗೆ ತೋರಿಸಿ.

ಮತ್ತೆ, ಡಾಕ್ಟ್ರ ಹತ್ರ ಇಂಜೆಕ್ಷನ್ನಿಗೆ ಹೋದಾಗ ಬಾಯಿ ಬಿಟ್ಟು ಕೇಳಿ: "ಸರ್, ಹಲ್ಲು ಒಂಚೂರು ನೋಡ್ತೀರಾ?" ನಾನು ನಾಲ್ಕು ಸಲ ಹೋಗಿ ಈ ಒಂದು ವಾಕ್ಯ ಕೇಳ್ಲಿಲ್ಲ. ಅವರು ನೋಡಬೇಕಿತ್ತು, ಸರಿ. ನಾನು ಕೇಳಬೇಕಿತ್ತು, ಅದೂ ಸರಿ.

(9/9)

ಕೊನೇ ಫೋಟೋ ನಮ್ಮ ತಾತಂದು, ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ, ಹಳೇ ಆಲ್ಬಮ್ಮಿನಿಂದ. ಹಳ್ಳಿಕಾರ್ ಎತ್ತಿನ ಕೆಳದುಟಿ ಹಿಡಿದು ಬಾಯಿ ನೋಡ್ತಾ ಇದ್ದಾರೆ. ಎರಡು ಹಲ್ಲಾ, ನಾಕು ಹಲ್ಲಾ, ಆರಾ, ಬಾಯಿಗೂಡಿದೆಯಾ, ಹಲ್ಲು ನೋಡದೆ ಯಾವ ರೈತನೂ ದುಡ್ಡು ಬಿಚ್ಚಲ್ಲ. ಬಾಯಿ ನೋಡೋದು ನಮಗೆ ಹೊಸ ವಿದ್ಯೆ ಏನಲ್ಲ. ದುಡ್ಡು ಕೊಡುವಾಗ ನೋಡ್ತೀವಿ. ಪುಕ್ಕಟೆ ಪ್ರೀತಿ ಕೊಡೋ ನಾಯಿಯ ಬಾಯಿ ಯಾಕೆ ನೋಡಬೇಕು, ಅಲ್ವಾ?

ಬಾಯಿ ಪೂರ್ತಿ ತೆರೆಸೋದು ಬೇಡ. ಬಾಯಿ ಮುಚ್ಚಿರಲಿ. ಪಕ್ಕದಲ್ಲಿ ಕೂತು, ಒಂದು ಕಡೆಯ ಮೇಲ್ದುಟಿ ಮೆಲ್ಲಗೆ ಹಿಂದಕ್ಕೆ ಎತ್ತಿ, ಕೋರೆಹಲ್ಲಿಂದ ಹಿಂದಿನವರೆಗೆ ಕಣ್ಣು ಹಾಯಿಸಿ. ಆಮೇಲೆ ಇನ್ನೊಂದು ಕಡೆ. ಹಲ್ಲು ಮತ್ತೆ ವಸಡು ಸೇರೋ ಗೆರೆ ತಿಳಿ ಗುಲಾಬಿ ಇದ್ಯಾ, ಕೆಂಪಾ? ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅದಕ್ಕೆ ಗಾಬರಿ ಬೇಡ. ಹಿಂದಿನ ದೊಡ್ಡ ಹಲ್ಲು ಎರಡೂ ಕಡೆ ಒಂದೇ ಥರ ಇದೆಯಾ? ಒಂದು ಕಡೆ ಮಾತ್ರ ಕರೆ ಜಾಸ್ತಿ ಇದ್ರೆ ಆ ಕಡೆಯಿಂದ ಅಗೀತಿಲ್ಲ ಅಂತ ಅನುಮಾನ ಪಡಿ. ರಾಜನಿಗೆ ಹಾಗೇ ಇತ್ತು, ಬಲಗಡೆ ಕಲ್ಲಿನ ಥರ, ಎಡಗಡೆ ಪರವಾಗಿಲ್ಲ. ಮರಿ ಆಗಿದ್ರೆ ಏಳು ತಿಂಗಳಾದ್ರೂ ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ನಿಂತಿದೆಯಾ ನೋಡಿ, ಪಮೇರಿಯನ್, ಪಗ್ ಥರದ ಚಿಕ್ಕವುಗಳಲ್ಲಿ ಇದು ಜಾಸ್ತಿ. ಗುರ್ ಅಂದ್ರೆ ಬಿಟ್ಟುಬಿಡಿ. ದಿನಾ ತಲೆ ಸವರಿಸಿಕೊಳ್ಳೋ ನಾಯಿ ತುಟಿ ಮುಟ್ಟಿದ್ರೆ ಗುರ್ ಅನ್ನುತ್ತೆ ಅಂದ್ರೆ, ಅದೇ ನಿಮ್ಮ ರಿಪೋರ್ಟು.

ರಾಜ ಈಗ ಹೇಗಿದ್ದಾನೆ ಅಂತ ಕೇಳಿದ್ರಲ್ಲ. ನವೆಂಬರಲ್ಲಿ ಆ ಹಲ್ಲು ಕಿತ್ತರು, ಮೂರು ಬೇರೂ ಬಂತು, ಜೊತೆಗೆ ಇನ್ನೆರಡು ಚಿಕ್ಕ ಹಲ್ಲು. ಹಲ್ಲಿಲ್ಲದೆ ಹೇಗೆ ತಿಂತಾನೆ ಅಂತ ಅಮ್ಮ ಅತ್ತರು. ಮೂರನೇ ದಿನ ಮೆತ್ತನೆ ಅನ್ನ ತಿಂದ. ಹತ್ತನೇ ದಿನಕ್ಕೆ, ನಾನು ಓದ್ತಾ ಕೂತಿದ್ದೆ, ಮಂಚದ ಕೆಳಗಿಂದ ಎರಡು ವರ್ಷದ ಧೂಳು ಹಿಡಿದ ಚೆಂಡು ಕಚ್ಕೊಂಡು ಬಂದು ನನ್ನ ಪುಸ್ತಕದ ಮೇಲೆ ಹಾಕಿದ. ಎಸೆದೆ, ಹಿಡಿದ. ಮತ್ತೆ ತಂದ. ರಾತ್ರಿ ಹನ್ನೊಂದರವರೆಗೆ ಬಿಡ್ಲಿಲ್ಲ. ವಯಸ್ಸಾಯ್ತು ಅಂದ್ಕೊಂಡಿದ್ದು ವಯಸ್ಸಲ್ಲ, ನೋವು. ಅವನ ಐದನೇ ವರ್ಷ, ಆರನೇ ವರ್ಷ ಎರಡನ್ನೂ ನಾನು 11 ಸಾವಿರ ವ್ಯೂಸಿಗೆ ಮಾರಿದ್ದೆ.

ಆ ರೀಲ್ ಡಿಲೀಟ್ ಮಾಡು ಅಂತ ಸುಮಾರು ಜನ ಹೇಳಿದ್ರು. ಮಾಡಿಲ್ಲ. ಮ್ಯೂಸಿಕ್ ತೆಗೆದು, 19ನೇ ಸೆಕೆಂಡಿನ ಸೌಂಡ್ ಹಾಗೇ ಇಟ್ಟು, ಕ್ಯಾಪ್ಷನ್ ಬದಲಾಯಿಸಿ ಮತ್ತೆ ಹಾಕ್ತಾ ಇದ್ದೀನಿ, ಈ ಪೋಸ್ಟ್ ಆದ ಅರ್ಧ ಗಂಟೆಗೆ.

ಕ್ಲಾಸ್ ಗ್ರೂಪಲ್ಲಿ ಕಾಯಿ ಒಡೆಸಿದ ಮಹಾನುಭಾವ, ನಿನ್ನ ಹೆಸರು ಎಲ್ಲೂ ಹಾಕಿಲ್ಲ, ಹಾಕೋದೂ ಇಲ್ಲ. ನಿನ್ನ ನಾಯಿಯ ತುಟಿ ಎತ್ತಿ ಎರಡು ಫೋಟೋ ತೆಗೆದು ಕಳ್ಸು, ಎಡ ಒಂದು, ಬಲ ಒಂದು, ಬೆಳಕಲ್ಲಿ. ರಾಜನ ಡಾಕ್ಟ್ರಿಗೆ ಫಾರ್ವರ್ಡ್ ಮಾಡ್ತೀನಿ, ನೋಡ್ತೀನಿ ಅಂದಿದ್ದಾರೆ. ಸೋಮವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ಅಷ್ಟರೊಳಗೆ ಕಳ್ಸು.